ಜೀವಕೋಶದೊಳಗೆ ಗುರುತು ಹಾಕಿದವರು



ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತದ್ದನ್ನು ನೀವು ಎಷ್ಟೋ ಸಲ ನೋಡಿರಬಹುದು. ಮುಂದಿನ ಸಲ ಆ ಕುರಿಗಳ ಬೆನ್ನನ್ನು ಸ್ವಲ್ಪ ಗಮನಿಸಿ. ಕೆಲವಕ್ಕೆ ಕೆಂಪು ಬಣ್ಣದ ಪಟ್ಟೆ ಇರುತ್ತದೆ, ಕೆಲವಕ್ಕೆ ನೀಲಿ ಚುಕ್ಕೆ ಇರುತ್ತದೆ. ಎರಡು ಹಿಂಡುಗಳು ಹೊಲದಲ್ಲಿ ಬೆರೆತುಹೋದರೂ ಸಂಜೆ ತನ್ನ ಕುರಿ ಯಾವುದೆಂದು ಕುರಿಗಾರನಿಗೆ ತಿಳಿಯಲೆಂದು ಹಚ್ಚಿದ ಗುರುತು ಅದು. ಆ ಗುರುತಿನ ಗುಣ ಎರಡು. ದೂರದಿಂದ ಅದು ಕಾಣುತ್ತದೆ. ಮತ್ತು ಅದನ್ನು ಹಚ್ಚಿದ ಮಾತ್ರಕ್ಕೆ ಕುರಿ ಮೇಯುವುದನ್ನಾಗಲಿ, ಹಿಂಡಿನ ಜೊತೆ ನಡೆಯುವುದನ್ನಾಗಲಿ ಬಿಡುವುದಿಲ್ಲ.

ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ಇಂಥ ಹಿಂಡುಗಳು ಬೆರೆತುಕೊಂಡಿವೆ. ಸಾವಿರಾರು ಬಗೆಯ ಪ್ರೋಟೀನ್‌ಗಳಿವೆ. ಡಿಎನ್ಎ ಮತ್ತು ಆರ್‌ಎನ್ಎ ಎಂಬ ನ್ಯೂಕ್ಲಿಯಿಕ್ ಆಮ್ಲಗಳಿವೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಹಾಗಿದ್ದರೆ ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಸೇರಿತೆಂದು ವಿಜ್ಞಾನಿಗಳಿಗೆ ತಿಳಿದದ್ದಾದರೂ ಹೇಗೆ? ಕುರಿಗಾರನ ಉಪಾಯವೇ ಇಲ್ಲಿಯೂ ಕೆಲಸಕ್ಕೆ ಬಂತು. ಇದನ್ನು ಪ್ರಯೋಗಾಲಯದ ಭಾಷೆಯಲ್ಲಿ ಲೇಬಲಿಂಗ್ ಎನ್ನುತ್ತಾರೆ. ಕಳೆದ ನೂರು ವರ್ಷಗಳ ಜೀವವಿಜ್ಞಾನದ ದೊಡ್ಡ ಪಾಲು ಈ ಗುರುತು ಹಾಕುವ ವಿದ್ಯೆಯ ಇತಿಹಾಸವೇ ಆಗಿದೆ ಎಂದರೆ ತಪ್ಪಾಗಲಾರದು.

ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಭಾಗದ ಅನೇಕ ಮಕ್ಕಳು ಎಸ್ಸೆಸ್ಸೆಲ್ಸಿಯವರೆಗೆ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಇಂಗ್ಲಿಷಿನ ಗೋಡೆಗೆ ಮುಖ ಕೊಡುತ್ತಾರೆ. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಹರ್ಷೆ ಮತ್ತು ಚೇಸ್ ಅವರ ಪ್ರಯೋಗ ಬರುತ್ತದೆ. ಚಿತ್ರ ಬರೆದು ಒಂದರ ಪಕ್ಕ ಗಂಧಕ 35, ಇನ್ನೊಂದರ ಪಕ್ಕ ರಂಜಕ 32 ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಗಂಧಕವೇ ಏಕೆ, ರಂಜಕವೇ ಏಕೆ ಎಂದು ಕೇಳಿದರೆ ಚೆನ್ನಾಗಿ ಅಂಕ ಪಡೆದವರೂ ಸುಮ್ಮನಾಗುತ್ತಾರೆ. ತಪ್ಪು ಮಕ್ಕಳದ್ದಲ್ಲ. ಅರ್ಥವಾಗುವ ಮಾತಿನಲ್ಲಿ ಯಾರೂ ಅವರಿಗೆ ಇದನ್ನು ಕಥೆಯಾಗಿ ಹೇಳಿಲ್ಲ. ಇದು ನಿಜಕ್ಕೂ ಒಂದು ಕಥೆ, ಮತ್ತು ಅದರಲ್ಲಿ ನಮ್ಮ ಬೆಂಗಳೂರೂ ಇದೆ, ಹೈದರಾಬಾದೂ ಇದೆ.

ಕಥೆಯ ಆರಂಭ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ. ಹಂಗೇರಿ ದೇಶದ ಜಾರ್ಜ್ ಹೆವೆಶಿ ಎಂಬ ಯುವಕ ಅಲ್ಲಿ ಪ್ರಖ್ಯಾತ ವಿಜ್ಞಾನಿ ರುದರ್‌ಫರ್ಡ್ ಅವರ ಬಳಿ ಕೆಲಸಕ್ಕೆ ಸೇರಿದ. ಸೀಸದ ರಾಶಿಯಲ್ಲಿ ಬೆರೆತಿದ್ದ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತುವನ್ನು ಬೇರ್ಪಡಿಸುವ ಕೆಲಸವನ್ನು ರುದರ್‌ಫರ್ಡ್ ಅವನಿಗೆ ಒಪ್ಪಿಸಿದರು. ಎಷ್ಟು ಹೆಣಗಿದರೂ ಆಗಲಿಲ್ಲ. ಏಕೆಂದರೆ ಆ ವಸ್ತುವೂ ಸೀಸವೇ ಆಗಿತ್ತು, ಸೀಸದ ಒಂದು ಐಸೋಟೋಪ್. ಒಂದೇ ಮೂಲವಸ್ತುವಿನ ಐಸೋಟೋಪ್‌ಗಳು ತೂಕದಲ್ಲಿ ಬೇರೆಯಾದರೂ ರಾಸಾಯನಿಕ ಸ್ವಭಾವದಲ್ಲಿ ಹೆಚ್ಚುಕಡಿಮೆ ಒಂದೇ. ಬೇರೆಯವರಾಗಿದ್ದರೆ ಇದನ್ನು ಸೋಲೆಂದು ಬಿಟ್ಟುಬಿಡುತ್ತಿದ್ದರು. ಹೆವೆಶಿ ಅದನ್ನೇ ತಿರುಗಿಸಿ ಯೋಚಿಸಿದ. ಬೇರ್ಪಡಿಸಲು ಸಾಧ್ಯವೇ ಇಲ್ಲವೆಂದ ಮೇಲೆ ಆ ವಿಕಿರಣಶೀಲ ಸೀಸ ಎಲ್ಲಿ ಹೋಗುತ್ತದೆಯೋ ಸಾಮಾನ್ಯ ಸೀಸವೂ ಅಲ್ಲಿಯೇ ಹೋಗುತ್ತದೆ. ಹಾಗಾದರೆ ಅದು ಸೀಸದ ಬೆನ್ನ ಮೇಲಿನ ಬಣ್ಣದ ಪಟ್ಟೆಯಾಯಿತಲ್ಲವೇ? 1913ರಲ್ಲಿ ವಿಯೆನ್ನಾದಲ್ಲಿ ಪಾನೆತ್ ಎಂಬ ಸಂಗಾತಿಯೊಡನೆ ಈ ವಿಚಾರವನ್ನು ಪ್ರಯೋಗಕ್ಕೆ ತಂದ.

ಹೆವೆಶಿ ಸ್ವತಃ ಹೇಳುತ್ತಿದ್ದ ಒಂದು ತಮಾಷೆಯ ಪ್ರಸಂಗವಿದೆ. ಮ್ಯಾಂಚೆಸ್ಟರಿನಲ್ಲಿ ಅವನು ಊಟಕ್ಕಿದ್ದ ಮನೆಯ ಒಡತಿ ಭಾನುವಾರ ಉಳಿದ ಮಾಂಸವನ್ನೇ ವಾರವಿಡೀ ಬೇರೆ ಬೇರೆ ರೂಪದಲ್ಲಿ ಬಡಿಸುತ್ತಾಳೆಂದು ಅವನಿಗೆ ಗುಮಾನಿ. ಕೇಳಿದರೆ ಆಕೆ ಒಪ್ಪಳು. ಒಂದು ಭಾನುವಾರ ತಟ್ಟೆಯಲ್ಲಿ ಬಿಟ್ಟ ಚೂರಿಗೆ ಒಂದಿಷ್ಟು ವಿಕಿರಣಶೀಲ ವಸ್ತು ಸೇರಿಸಿದ. ಕೆಲವು ದಿನ ಬಿಟ್ಟು ಮೇಜಿಗೆ ಬಂದ ಹೊಸ ತಿನಿಸಿನ ಬಳಿ ತನ್ನ ಉಪಕರಣವನ್ನು ಹಿಡಿದ. ಗುಟ್ಟು ರಟ್ಟಾಯಿತು. ಇಂದಿನ ಯಾವ ಪ್ರಯೋಗಾಲಯವೂ ಇಂಥ ಕೆಲಸಕ್ಕೆ ಅನುಮತಿ ಕೊಡುವುದಿಲ್ಲ, ನೀವೂ ಪ್ರಯತ್ನಿಸಬೇಡಿ. ಆದರೆ ಮುಂದೆ ಬಂದ ಎಲ್ಲ ಪ್ರಯೋಗಗಳ ತರ್ಕ ಈ ಊಟದ ಮೇಜಿನ ಮೇಲೆಯೇ ಇದೆ.

1935ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹೆವೆಶಿ ಇಲಿಗಳಿಗೆ ವಿಕಿರಣಶೀಲ ರಂಜಕವನ್ನು ತಿನ್ನಿಸಿದ. ಮೂಳೆ ಎಂದರೆ ಒಮ್ಮೆ ಕಟ್ಟಿದ ಗೋಡೆಯಂತೆ ಸ್ಥಿರ ಎಂದು ಅದುವರೆಗೆ ಜನ ತಿಳಿದಿದ್ದರು. ತಿಂದ ರಂಜಕ ಮೂಳೆಗೆ ಸೇರುತ್ತದೆ, ಮೂಳೆಯಲ್ಲಿದ್ದ ಹಳೆಯದು ಹೊರಬರುತ್ತದೆ ಎಂದು ಗುರುತು ತೋರಿಸಿಕೊಟ್ಟಿತು. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ನ್ಯೂಯಾರ್ಕಿಗೆ ಬಂದಿದ್ದ ಶೋನ್‌ಹೈಮರ್ ಎಂಬ ವಿಜ್ಞಾನಿ, ವಿಕಿರಣವಿಲ್ಲದ ಆದರೆ ತೂಕ ಹೆಚ್ಚಿರುವ ಸಾರಜನಕ 15ರಿಂದ ಇದೇ ಮಾತನ್ನು ಪ್ರೋಟೀನ್‌ಗಳ ಬಗ್ಗೆ ಸಾಧಿಸಿದ. ನಿನ್ನೆಯ ಕೈ ಇಂದಿನ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಹೆವೆಶಿಗೆ 1943ನೇ ಸಾಲಿನ ನೊಬೆಲ್ ಪಾರಿತೋಷಕ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ವಿಕಿರಣ ಎಂಬ ಶಬ್ದ ಶಹಾಪುರ ತಾಲೂಕಿನವರಿಗೆ ಹೊಸದಲ್ಲ. ಚಂದಾ ಹುಸೇನಿಯವರ ದರ್ಗಾಕ್ಕೂ ಬಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಿಗೂ ಹೆಸರಾದ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿ, ಅಲ್ಲಿ ಪರಿಶೋಧನೆಯ ಅಗೆತ ನಡೆದು, ಗ್ರಾಮಸ್ಥರು ಅದನ್ನು ವಿರೋಧಿಸಿದ್ದು ನಿಮಗೆ ಗೊತ್ತಿದೆ. ಗಣಿ ಬೇಕೋ ಬೇಡವೋ ಎಂಬ ಪ್ರಶ್ನೆ ಆ ನೆಲದ ನೀರು, ಬೆಳೆ, ಜನರ ಆರೋಗ್ಯಕ್ಕೆ ಸೇರಿದ್ದು, ಅದನ್ನು ಈ ಲೇಖನದಲ್ಲಿ ಬೆರೆಸುವುದು ಸರಿಯಲ್ಲ. ಆದರೆ ಯುರೇನಿಯಮ್ಮೇ ಪ್ರಯೋಗಾಲಯದ ಗುರುತು ಎಂದು ಯಾರೂ ತಿಳಿಯಬಾರದು. ಜೀವಕೋಶಕ್ಕೆ ಯುರೇನಿಯಂ ಬೇಕಿಲ್ಲ, ಅದು ರಂಜಕ, ಗಂಧಕ, ಜಲಜನಕಗಳನ್ನು ಬಳಸುತ್ತದೆ. ಹೀಗಾಗಿ ಗುರುತೂ ಅವುಗಳದ್ದೇ ಆಗಬೇಕು. ಯುರೇನಿಯಂ ಇಂಧನದಿಂದ ನಡೆಯುವ ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗಳು ಸಿಗುತ್ತವೆ. ಗಂಧಕವನ್ನು ಆ ನ್ಯೂಟ್ರಾನ್‌ಗಳ ದಾರಿಯಲ್ಲಿಟ್ಟರೆ ಅದರ ಕೆಲವು ಪರಮಾಣುಗಳು ರಂಜಕ 32 ಆಗಿ ಬದಲಾಗುತ್ತವೆ. ಸಂಬಂಧ ಇರುವುದು ಅಷ್ಟೇ.

ಈಗ ಪಠ್ಯಪುಸ್ತಕದ ಆ ಪ್ರಯೋಗಕ್ಕೆ ಬರೋಣ. ವರ್ಷ 1952, ಸ್ಥಳ ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯ. ತಂದೆತಾಯಿಯ ಗುಣ ಮಕ್ಕಳಿಗೆ ದಾಟಿಸುವ ವಸ್ತು ಪ್ರೋಟೀನೋ ಡಿಎನ್ಎಯೋ ಎಂಬುದು ಅಂದಿನ ಜಿಜ್ಞಾಸೆ. ಪ್ರೋಟೀನ್‌ಗಳಲ್ಲಿ ಇಪ್ಪತ್ತು ಬಗೆಯ ಘಟಕಗಳು, ಡಿಎನ್ಎಯಲ್ಲಿ ಬರೀ ನಾಲ್ಕು. ಆದ್ದರಿಂದ ಪ್ರೋಟೀನೇ ಇರಬೇಕೆಂದು ಬಹಳ ಮಂದಿ ನಂಬಿದ್ದರು. ಆಲ್ಫ್ರೆಡ್ ಹರ್ಷೆ ಮತ್ತು ಮಾರ್ಥಾ ಚೇಸ್ ಬ್ಯಾಕ್ಟೀರಿಯಾವನ್ನು ಮುತ್ತುವ ಒಂದು ವೈರಸ್ಸನ್ನು ಆರಿಸಿಕೊಂಡರು. ಈ ವೈರಸ್ಸಿನಲ್ಲಿ ಇರುವುದೇ ಎರಡು ವಸ್ತು: ಹೊರಗೆ ಪ್ರೋಟೀನಿನ ಕವಚ, ಒಳಗೆ ಡಿಎನ್ಎ. ಅದು ಬ್ಯಾಕ್ಟೀರಿಯಾದ ಮೇಲೆ ಕುಳಿತು ಏನನ್ನೋ ಒಳಕ್ಕೆ ಚುಚ್ಚುತ್ತದೆ, ಸ್ವಲ್ಪ ಹೊತ್ತಿನಲ್ಲಿ ಒಳಗಿಂದ ನೂರಾರು ಹೊಸ ವೈರಸ್ಸುಗಳು ಬರುತ್ತವೆ. ಒಳಹೋದದ್ದು ಯಾವುದು?

ಇಲ್ಲಿದೆ ನಮ್ಮ ಪ್ರಶ್ನೆಗೆ ಉತ್ತರ. ಪ್ರೋಟೀನ್‌ಗಳಲ್ಲಿ ಗಂಧಕ ಇದೆ, ಡಿಎನ್ಎಯಲ್ಲಿ ಇಲ್ಲ. ಡಿಎನ್ಎಯ ಬೆನ್ನೆಲುಬಿನ ತುಂಬ ರಂಜಕ ಇದೆ, ಆ ವೈರಸ್ಸಿನ ಪ್ರೋಟೀನಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಗಂಧಕ 35 ಪ್ರೋಟೀನಿಗೆ ಮಾತ್ರ ಅಂಟುವ ಗುರುತು, ರಂಜಕ 32 ಡಿಎನ್ಎಗೆ ಮಾತ್ರ ಅಂಟುವ ಗುರುತು. ಒಂದು ತಂಡ ವೈರಸ್ಸಿಗೆ ಮೊದಲನೆಯದು, ಇನ್ನೊಂದು ತಂಡಕ್ಕೆ ಎರಡನೆಯದು. ಎರಡನ್ನೂ ಬೇರೆ ಬೇರೆಯಾಗಿ ಬ್ಯಾಕ್ಟೀರಿಯಾಕ್ಕೆ ಬಿಟ್ಟು, ಮೇಲೆ ಅಂಟಿಕೊಂಡ ಖಾಲಿ ಕವಚಗಳನ್ನು ಉದುರಿಸಲು ಅಡುಗೆಮನೆಯ ಮಿಕ್ಸಿಯಂಥದೇ ಒಂದು ಯಂತ್ರದಲ್ಲಿ ತಿರುಗಿಸಿದರು. ನಂತರ ಸೆಂಟ್ರಿಫ್ಯೂಜಿನಲ್ಲಿ ಹಾಕಿದಾಗ ಭಾರವಾದ ಬ್ಯಾಕ್ಟೀರಿಯಾ ತಳಕ್ಕೆ ಕುಳಿತವು, ಹಗುರವಾದ ಕವಚಗಳು ಮೇಲಿನ ನೀರಿನಲ್ಲಿ ಉಳಿದವು. ಗಂಧಕದ ಗುರುತು ಹೆಚ್ಚಾಗಿ ಮೇಲೆಯೇ ಸಿಕ್ಕಿತು. ರಂಜಕದ ಗುರುತು ಬಹುಪಾಲು ತಳದಲ್ಲಿ, ಬ್ಯಾಕ್ಟೀರಿಯಾದ ಒಳಗೆ ಸಿಕ್ಕಿತು. ಒಳಹೋದದ್ದು ಡಿಎನ್ಎ! ಮರುವರ್ಷವೇ ವಾಟ್ಸನ್ ಮತ್ತು ಕ್ರಿಕ್ ಡಿಎನ್ಎಯ ರಚನೆಯನ್ನು ಪ್ರಕಟಿಸಿದರು.

ಹರ್ಷೆಗೆ 1969ರಲ್ಲಿ ನೊಬೆಲ್ ಬಂತು. ಪ್ರಯೋಗ ಮಾಡುವಾಗ ಇಪ್ಪತ್ತರ ಹರೆಯದಲ್ಲಿದ್ದ ಮಾರ್ಥಾ ಚೇಸ್ ಅವರಿಗೆ ಅದರಲ್ಲಿ ಪಾಲು ಸಿಗಲಿಲ್ಲ. ಪಠ್ಯಪುಸ್ತಕವಾದರೂ ಇಬ್ಬರ ಹೆಸರನ್ನೂ ಸೇರಿಸಿ ಹೇಳುತ್ತದೆ, ಅಷ್ಟರಮಟ್ಟಿಗೆ ಸಮಾಧಾನ.

ಇನ್ನು ನಮ್ಮ ದೇಶದ ಕಡೆ ಬರೋಣ. ಮರ್ಹೂಮ್ ಡಾ. ಉಬೈದ್ ಸಿದ್ದೀಖಿ ಸಾಹೇಬರ ಹೆಸರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಕೇಳಿದ್ದಾರೋ ಕಾಣೆ. ಕೇಳಿರಲೇಬೇಕಾದ ಹೆಸರು. 1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಜನಿಸಿ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದರು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ಮೇಲೆ ಕೆಲಸ ಮಾಡುತ್ತಿದ್ದಾಗ ಆಲಿಕಲ್ಲು ಮಳೆ ಬಿದ್ದು ಅವರ ಪ್ರಯೋಗದ ಬೆಳೆ ಹಾಳಾಯಿತು. ನಂತರ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ಪೊಂಟೆಕೋರ್ವೊ ಎಂಬ ಹೆಸರಾಂತ ತಳಿವಿಜ್ಞಾನಿಯ ಬಳಿ ಪಿಎಚ್.ಡಿ. ಮಾಡಿದರು, ಅಮೆರಿಕದಲ್ಲಿ ಆಲನ್ ಗ್ಯಾರನ್ ಜೊತೆ ಸಂಶೋಧನೆ ನಡೆಸಿದರು. 1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇಲೆ ಮುಂಬಯಿಗೆ ಬಂದು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗವನ್ನು ಕಟ್ಟಿದರು. ಭೌತಶಾಸ್ತ್ರ ಮತ್ತು ಗಣಿತಕ್ಕೆ ಹೆಸರಾದ ಸಂಸ್ಥೆ ಅದು. ಅಲ್ಲಿ ಮೂವತ್ತು ವರ್ಷದ ಜೀವವಿಜ್ಞಾನಿಯೊಬ್ಬ ವಿಭಾಗ ಆರಂಭಿಸುವುದೆಂದರೆ ಸಣ್ಣ ಮಾತಲ್ಲ.

1963ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಷಯ ಗುರುತು ಹಾಕಿದ ಡಿಎನ್ಎಯದೇ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಗಂಡಿನಂಥದು ತನ್ನ ಡಿಎನ್ಎಯನ್ನು ಹೆಣ್ಣಿನಂಥದರೊಳಗೆ ಕಳಿಸುತ್ತದೆ. ಮುಂದಿನ ಪೀಳಿಗೆಯಲ್ಲಿ ಎರಡರ ಗುಣವೂ ಬೆರೆತಿರುತ್ತವೆ. ಬೆರೆಯುವುದು ಹೇಗೆ? ಉರ್ದು ಬಲ್ಲವರಿಗೆ ಇದನ್ನು ಹೀಗೆ ಹೇಳಬಹುದು. ಹಳೆಯ ಕಾಲದಲ್ಲಿ ಪುಸ್ತಕಗಳನ್ನು ಕಾತಿಬರು ಕೈಯಿಂದ ಬರೆಯುತ್ತಿದ್ದರು. ಎರಡು ಪುಸ್ತಕಗಳಿಂದ ಮೂರನೆಯದೊಂದು ತಯಾರಾಗಿದೆ ಎನ್ನಿ. ಹಳೆಯ ಪುಸ್ತಕದ ಹಾಳೆಯನ್ನೇ ಕಿತ್ತು ಇದರಲ್ಲಿ ಹೊಲಿದರೋ, ಇಲ್ಲಾ ಕಾತಿಬ್ ಅದನ್ನು ನೋಡಿ ಹೊಸ ಹಾಳೆಯಲ್ಲಿ ನಕಲು ಮಾಡಿದನೋ? ಬರಹವನ್ನು ಎಷ್ಟು ಓದಿದರೂ ಉತ್ತರ ಸಿಗದು, ಏಕೆಂದರೆ ಎರಡರಲ್ಲಿಯೂ ಅಕ್ಷರ ಒಂದೇ. ಮೂಲ ಹಾಳೆಗೇ ಗುರುತು ಇದ್ದರೆ ಮಾತ್ರ ತಿಳಿಯುತ್ತದೆ. ಅಂದಿನ ತಳಿವಿಜ್ಞಾನಿಗಳಲ್ಲಿ ಈ ಎರಡೂ ಪಕ್ಷದವರಿದ್ದರು. ಜನಕ ಬ್ಯಾಕ್ಟೀರಿಯಾದ ಡಿಎನ್ಎ ವಸ್ತುವೇ ಸಂತತಿಯೊಳಗೆ ಸೇರಿಕೊಳ್ಳುತ್ತದೆ, ಹಾಳೆಯೇ ಹೊಲಿಗೆಗೆ ಬರುತ್ತದೆ ಎಂದು ಸಿದ್ದೀಖಿ ಸಾಹೇಬರ ಪ್ರಬಂಧ ತೋರಿಸಿತು.

ಮುಂದೆ ಅವರು ಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣದ ನರಗಳು, ರುಚಿ ಮತ್ತು ವಾಸನೆಯ ಅಧ್ಯಯನಕ್ಕೆ ತಿರುಗಿದರು. ಅವರ ಶಿಷ್ಯೆ ವೆರೋನಿಕಾ ರೋಡ್ರಿಗಸ್ 1984ರಲ್ಲಿ ಜರ್ಮನಿಯ ಬುಕ್ನರ್ ಅವರೊಂದಿಗೆ, ವಿಕಿರಣಶೀಲ ಜಲಜನಕದ ಗುರುತಿರುವ ಸಕ್ಕರೆಯಂಥ ವಸ್ತುವನ್ನು ಬಳಸಿ, ವಾಸನೆ ಬಂದಾಗ ನೊಣದ ಮೆದುಳಿನ ಯಾವ ಭಾಗ ಚುರುಕಾಗುತ್ತದೆಂದು ನಕ್ಷೆ ತೆಗೆದರು. ಸಿದ್ದೀಖಿ ಸಾಹೇಬರು ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸ್ಥಾಪಿಸಿದರು. ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆದು, ಆಮೇಲೆ ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ತನ್ನ ಕಟ್ಟಡಕ್ಕೆ ಹೋದ ಈ ಕೇಂದ್ರ ಇಂದು ಜಗತ್ತಿನಲ್ಲಿ ಹೆಸರು ಪಡೆದಿದೆ. 1984ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 2006ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 2013ರ ಜುಲೈನಲ್ಲಿ ಬೆಂಗಳೂರಿನಲ್ಲಿ ರಸ್ತೆ ಅಪಘಾತಕ್ಕೀಡಾಗಿ ತೀರಿಕೊಂಡರು. ಎಂಬತ್ತರ ವಯಸ್ಸಿನಲ್ಲೂ ಪ್ರಯೋಗಾಲಯಕ್ಕೆ ಹೋಗುತ್ತಿದ್ದವರು ಅವರು.

ಹೈದರಾಬಾದಿನ ಮಾತು ಬಾಕಿ ಇದೆ. ರಂಜಕ 32ರ ಅರ್ಧಾಯುಷ್ಯ ಸುಮಾರು 14 ದಿನ. ಇಂದು ಇದ್ದ ವಿಕಿರಣ ಎರಡು ವಾರಕ್ಕೆ ಅರ್ಧ, ನಾಲ್ಕು ವಾರಕ್ಕೆ ಕಾಲುಭಾಗ. ವಿದೇಶದಿಂದ ಬರುವ ಪೆಟ್ಟಿಗೆ ಕಸ್ಟಮ್ಸ್ ಕಛೇರಿಯಲ್ಲಿ ಎರಡು ವಾರ ಕುಳಿತರೆ ಅರ್ಧ ಮಾಲು ಅಲ್ಲಿಯೇ ಮುಗಿಯಿತು! ಆದ್ದರಿಂದ ನಮ್ಮಲ್ಲಿಯೇ ತಯಾರಾಗುವುದು ಅಗತ್ಯವಾಯಿತು. ಪರಮಾಣು ಇಂಧನ ಇಲಾಖೆಯ ಬ್ರಿಟ್ ಸಂಸ್ಥೆ ಹೈದರಾಬಾದಿನ ಸಿಸಿಎಂಬಿ ಆವರಣದಲ್ಲಿ ಒಂದು ಪ್ರಯೋಗಾಲಯ ತೆರೆದು, ರಂಜಕ 32ನ್ನು ಡಿಎನ್ಎಯ ಇಟ್ಟಿಗೆಗಳಾದ ನ್ಯೂಕ್ಲಿಯೋಟೈಡ್‌ಗಳಿಗೆ ಸೇರಿಸಿ ದೇಶದ ಸಂಶೋಧಕರಿಗೆ ಒದಗಿಸಿತು. ಅದಕ್ಕೆ ಇಟ್ಟ ಹೆಸರು ಜೊನಾಕಿ. ಬಂಗಾಳಿಯಲ್ಲಿ ಹಾಗೆಂದರೆ ನಮ್ಮ ಮಿಂಚುಹುಳು, ಉರ್ದುವಿನ ಜುಗ್ನೂ. ಕತ್ತಲಲ್ಲಿ ತಾನಿರುವ ಜಾಗ ತೋರಿಸುವ ಹುಳುವಿನ ಹೆಸರು! ಸರಕಾರಿ ಇಲಾಖೆಯಲ್ಲಿ ಇಷ್ಟು ಸೊಗಸಾದ ಹೆಸರು ಇಟ್ಟವರನ್ನು ಮೆಚ್ಚಲೇಬೇಕು.

ಅದೇ ಸಿಸಿಎಂಬಿಯಲ್ಲಿ ಡಾ. ಲಾಲ್‌ಜಿ ಸಿಂಗ್ ಡಿಎನ್ಎ ಬೆರಳಚ್ಚಿನ ಕೆಲಸ ಮಾಡಿದರು. ಪಟ್ಟೆಗಳುಳ್ಳ ಕಟ್ಟುಹಾವಿನಲ್ಲಿ ಅವರು ಮೊದಲು ಗುರುತಿಸಿದ ಡಿಎನ್ಎ ತುಣುಕೊಂದು ಮನುಷ್ಯರಲ್ಲಿಯೂ, ಒಬ್ಬೊಬ್ಬರಲ್ಲಿ ಒಂದೊಂದು ವಿನ್ಯಾಸದಲ್ಲಿ ಹರಡಿಕೊಂಡಿರುವುದು ಕಂಡುಬಂತು. ಆ ತುಣುಕಿಗೆ ರಂಜಕ 32ರ ಗುರುತು ಹಾಕಿ, ವ್ಯಕ್ತಿಯ ಡಿಎನ್ಎಯ ಚೂರುಗಳ ಮೇಲೆ ಬಿಟ್ಟರೆ ಅದು ತನ್ನ ಜೋಡಿ ಇರುವ ಕಡೆ ಮಾತ್ರ ಕೂಡುತ್ತದೆ. ಮೇಲೆ ಎಕ್ಸರೇ ಫಿಲ್ಮ್ ಇಟ್ಟರೆ ಅಲ್ಲೆಲ್ಲ ಕಪ್ಪು ಗೆರೆಗಳು ಮೂಡುತ್ತವೆ. ಕೇರಳದ ತಲಶ್ಶೇರಿಯಲ್ಲಿ ಮಗುವಿನ ತಂದೆ ಯಾರೆಂಬ ಮೊಕದ್ದಮೆಯಲ್ಲಿ ಈ ಗೆರೆಗಳು ಸಾಕ್ಷಿ ಹೇಳಿದವು. 1991ರಲ್ಲಿ ರಾಜೀವ್ ಗಾಂಧಿಯವರ ಹತ್ಯೆಯ ತನಿಖೆಯಲ್ಲಿಯೂ ಅವು ಬಳಕೆಯಾದವು. ಮಗುವನ್ನು ಎತ್ತಿಕೊಂಡು ನ್ಯಾಯಾಲಯದ ಮೆಟ್ಟಿಲೇರಿದ ತಾಯಿಗೆ ಅದುವರೆಗೆ ಬಾಯಿಮಾತೊಂದೇ ಆಧಾರವಾಗಿತ್ತು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ವಿಕಿರಣಶೀಲ ಗುರುತಿಗೆ ತೊಂದರೆಗಳೂ ಇವೆ. ಕೆಲಸ ಮಾಡುವವರು ಎದೆಗೆ ವಿಕಿರಣ ಅಳೆಯುವ ಬಿಲ್ಲೆ ಧರಿಸಬೇಕು, ದಪ್ಪ ಅಕ್ರಿಲಿಕ್ ಹಾಳೆಯ ಹಿಂದೆ ಕೈ ಆಡಿಸಬೇಕು, ಉಳಿದ ಕಸವನ್ನು ತಿಂಗಳುಗಟ್ಟಲೆ ಕಾಯ್ದಿಡಬೇಕು. ಇದರಿಂದಾಗಿ ಬೇರೆ ಗುರುತುಗಳ ಹುಡುಕಾಟ ನಡೆದೇ ಇತ್ತು. 1941ರಲ್ಲೇ ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಅಂಟಿಸಿದ್ದ. ಪ್ರತಿಕಾಯ ಎಂದರೆ ನಮ್ಮ ರಕ್ತದಲ್ಲಿ ಹುಟ್ಟುವ, ತನ್ನ ಶತ್ರುವನ್ನು ಮಾತ್ರ ಹಿಡಿಯುವ ಪ್ರೋಟೀನ್. ರೋಸಲಿನ್ ಯಾಲೋ ಎಂಬ ಮಹಿಳೆ ಸಾಲೊಮನ್ ಬರ್ಸನ್ ಜೊತೆಗೂಡಿ ಇನ್ಸುಲಿನ್ನಿಗೆ ವಿಕಿರಣಶೀಲ ಅಯೋಡಿನ್ ಜೋಡಿಸಿ, ಒಂದು ಹನಿ ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ದಾರಿ ತೋರಿಸಿದರು. ಅವರ ಆರಂಭದ ಪ್ರಬಂಧವನ್ನು ಪತ್ರಿಕೆಯೊಂದು ತಿರಸ್ಕರಿಸಿತ್ತು, 1977ರಲ್ಲಿ ಅವರಿಗೆ ನೊಬೆಲ್ ಬಂತು. 1971ರಲ್ಲಿ ಸ್ವೀಡನ್ ಮತ್ತು ಹಾಲೆಂಡಿನವರು ಅಯೋಡಿನ್ನಿನ ಬದಲು ಬಣ್ಣ ಹುಟ್ಟಿಸುವ ಕಿಣ್ವವನ್ನು ಪ್ರತಿಕಾಯಕ್ಕೆ ಜೋಡಿಸಿದರು. ಅದೇ ಎಲೈಸಾ. ಎಚ್‌ಐವಿ ಪರೀಕ್ಷೆಯ ಕಾಗದದಲ್ಲಿ ಈ ಶಬ್ದವನ್ನು ನೀವು ಕಂಡಿರಬಹುದು.

ಸಮುದ್ರದ ಲೋಳೆಮೀನಿನಿಂದ ಬಂದ ಹಸಿರು ಪ್ರೋಟೀನಿನ ಕಥೆ ಎಲ್ಲಕ್ಕಿಂತ ವಿಚಿತ್ರ. 1962ರಲ್ಲಿ ಜಪಾನಿನ ಶಿಮೊಮುರ ಅದನ್ನು ಕಂಡುಹಿಡಿದರು. ಅದರ ಜೀನನ್ನು 1992ರಲ್ಲಿ ಡಗ್ಲಸ್ ಪ್ರೇಷರ್ ಬೇರ್ಪಡಿಸಿದ. 1994ರಲ್ಲಿ ಚಾಲ್ಫಿ ಆ ಜೀನನ್ನು ಬ್ಯಾಕ್ಟೀರಿಯಾಕ್ಕೂ ಒಂದು ಸಣ್ಣ ಹುಳಕ್ಕೂ ಸೇರಿಸಿದಾಗ ಅವು ಹಸಿರಾಗಿ ಬೆಳಗಿದವು. ಇಲ್ಲಿ ಹೊರಗಿನಿಂದ ಬಣ್ಣ ಹಚ್ಚುವ ಕೆಲಸವೇ ಇಲ್ಲ, ಜೀವಕೋಶ ತನ್ನ ಪ್ರೋಟೀನಿಗೆ ತಾನೇ ಗುರುತು ಹಾಕಿಕೊಳ್ಳುತ್ತದೆ. 2008ರ ನೊಬೆಲ್ ಶಿಮೊಮುರ, ಚಾಲ್ಫಿ ಮತ್ತು ಹೊಸ ಬಣ್ಣಗಳನ್ನು ತಂದ ಚಿಯೆನ್ ಅವರಿಗೆ ಹಂಚಿಕೆಯಾಯಿತು. ಆಗ ಪ್ರೇಷರ್ ಅಮೆರಿಕದಲ್ಲಿ ಕಾರು ಮಾರುವ ಮಳಿಗೆಯೊಂದರ ವ್ಯಾನ್ ಓಡಿಸುತ್ತಿದ್ದ. ಸಂಶೋಧನೆಗೆ ಹಣ ಸಿಗದೆ ಆ ಕ್ಷೇತ್ರವನ್ನೇ ಬಿಟ್ಟಿದ್ದ. ಜೀನನ್ನು ಇತರರಿಗೆ ಕೊಟ್ಟವನು ಅವನೇ. ವಿಜ್ಞಾನದ ಇತಿಹಾಸ ಓದುವಾಗ ಇಂಥವರನ್ನು ಬಿಟ್ಟು ಓದುವುದು ನನಗಂತೂ ಸರಿ ಕಾಣುವುದಿಲ್ಲ.

ಕೊನೆಗೆ ನಮ್ಮ ಜಿಲ್ಲೆಗೆ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರಕ್ಕೆ ದುಡಿಯಲು ಹೋಗಿದ್ದ ಯಾದಗಿರಿ ಜಿಲ್ಲೆಯ ಜನ ಮರಳಿ ಬಂದು, ಶಾಲೆ ಮತ್ತು ವಸತಿನಿಲಯಗಳಲ್ಲಿ ಕ್ವಾರಂಟೈನ್ ಆಗಿ, ಮೂಗುಗಂಟಲ ಮಾದರಿ ಕೊಟ್ಟು ವರದಿಗಾಗಿ ಕಾದು ಕುಳಿತರು. ಆ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ನಡೆದದ್ದು ನ್ಯೂಕ್ಲಿಯಿಕ್ ಆಮ್ಲದ ಲೇಬಲಿಂಗ್. ಒಂದು ಚಿಕ್ಕ ಡಿಎನ್ಎ ತುಣುಕಿನ ಒಂದು ತುದಿಗೆ ಹೊಳೆಯುವ ಬಣ್ಣ, ಇನ್ನೊಂದು ಕಡೆಗೆ ಆ ಹೊಳಪನ್ನು ಅಡಗಿಸುವ ವಸ್ತು. ಎರಡೂ ಹತ್ತಿರ ಇರುವ ತನಕ ಬೆಳಕಿಲ್ಲ. ಮಾದರಿಯಲ್ಲಿ ವೈರಸ್ಸಿನ ಜೀನ್ ಇದ್ದರೆ ತುಣುಕು ಅದಕ್ಕೆ ಅಂಟುತ್ತದೆ. ನಕಲು ತೆಗೆಯುತ್ತ ಬರುವ ಕಿಣ್ವ ಅದನ್ನು ಕತ್ತರಿಸುತ್ತದೆ, ಬಣ್ಣ ಬಿಡುಗಡೆಯಾಗಿ ಹೊಳೆಯುತ್ತದೆ. ಎಷ್ಟನೇ ಸುತ್ತಿನಲ್ಲಿ ಹೊಳಪು ಸಾಕಷ್ಟಾಯಿತು ಎಂಬುದೇ ಜನ ಅಂದು ಮಾತಾಡಿಕೊಳ್ಳುತ್ತಿದ್ದ ಸಿಟಿ ವ್ಯಾಲ್ಯೂ.

ಅರ್ಧ ಗಂಟೆಯೊಳಗೆ ಫಲಿತಾಂಶ ಹೇಳುತ್ತಿದ್ದ ರ‍್ಯಾಪಿಡ್ ಕಿಟ್ಟಿನಲ್ಲಿ ನಡೆದದ್ದು ಪ್ರೋಟೀನಿನ ಲೇಬಲಿಂಗ್. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಪಟ್ಟಿಯೂ ಅದೇ ರೀತಿಯದು. ಪಟ್ಟಿಯಲ್ಲಿ ಒಣಗಿಸಿಟ್ಟ ಪ್ರತಿಕಾಯಗಳಿಗೆ ಅತಿ ಸೂಕ್ಷ್ಮ ಕಣಗಳನ್ನು ಅಂಟಿಸಿರುತ್ತಾರೆ. ಹನಿ ಬಿದ್ದೊಡನೆ ಅವು ತೇಲಿಕೊಂಡು ಹೊರಡುತ್ತವೆ. ಹುಡುಕುತ್ತಿರುವ ಪ್ರೋಟೀನ್ ಸಿಕ್ಕರೆ ಅದನ್ನು ಹಿಡಿದುಕೊಂಡು ಟಿ ಅಕ್ಷರದ ಬಳಿ ತಡೆದು ನಿಲ್ಲುತ್ತವೆ, ಉಳಿದವು ಸಿ ಅಕ್ಷರದ ಬಳಿ ನಿಲ್ಲುತ್ತವೆ. ಇಂಥ ಹೆಚ್ಚಿನ ಪಟ್ಟಿಗಳಲ್ಲಿ ಗೆರೆಯಾಗಿ ಕಾಣುವ ಆ ಕಣಗಳು ಚಿನ್ನದವು. ಚಿನ್ನ ಅಷ್ಟು ಸಣ್ಣ ಕಣವಾದಾಗ ಹಳದಿಯಾಗಿರುವುದಿಲ್ಲ, ಕೆಂಪಾಗಿ ಕಾಣುತ್ತದೆ.